ಹೇಳಿ ಕಳಿಸಿದ್ದನ್ನು ರೋಗಿಗಳು ಏಕೆ ಪಾಲಿಸುವುದಿಲ್ಲ?

ಪ್ರಶ್ನೆ: ನಾನು ಮೆಡಿಸಿನ್ ವಾರ್ಡಿನಲ್ಲಿ ಶುಶ್ರೂಷಕಿ. ಹೃದಯ ವೈಫಲ್ಯ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಆಸ್ತಮಾ ಇರುವವರೇ ನಮ್ಮಲ್ಲಿ ಹೆಚ್ಚು. ಡಿಸ್ಚಾರ್ಜ್ ದಿನ ಮಾತ್ರೆ, ಉಪ್ಪು, ನೀರು, ತೂಕ, ಪಾದದ ಆರೈಕೆ ಎಲ್ಲವನ್ನೂ ವಿವರಿಸಿ ಕಳಿಸುತ್ತೇನೆ. ಅವರೂ ‘ಆಯ್ತು ಸಿಸ್ಟರ್’ ಎಂದು ತಲೆಯಾಡಿಸುತ್ತಾರೆ. ಕೆಲವೇ ವಾರಗಳಲ್ಲಿ ಹಲವರು ಅದೇ ತೊಂದರೆಯೊಂದಿಗೆ ಮರಳಿ ಬರುತ್ತಾರೆ. ಇದು ಅವರ ಉದಾಸೀನವೇ, ಅಥವಾ ನಾನು ಹೇಳುವ ರೀತಿಯಲ್ಲೇ ಕೊರತೆಯಿದೆಯೇ?

ಉತ್ತರ: ನೀವು ಕೊಟ್ಟಿರುವ ಎರಡು ಕಾರಣಗಳಲ್ಲಿ ಯಾವುದೂ ಮುಖ್ಯ ಕಾರಣವೆಂದು ನನಗೆ ತೋರುವುದಿಲ್ಲ. ರೋಗಿ ವಾರ್ಡಿಗೆ ಬರುವ ಮೊದಲೇ ತನ್ನ ಕಾಯಿಲೆಯ ಬಗ್ಗೆ ಒಂದು ವಿವರಣೆಯನ್ನು ಮನಸ್ಸಿನಲ್ಲಿ ಕಟ್ಟಿಕೊಂಡಿರುತ್ತಾನೆ. ಅದು ಏನು, ಏಕೆ ಬಂತು, ಎಷ್ಟು ದಿನ ಇರುತ್ತದೆ, ಯಾವುದರಿಂದ ಹೋಗುತ್ತದೆ ಎಂಬುದಕ್ಕೆಲ್ಲ ಅವನಲ್ಲಿ ಉತ್ತರವಿರುತ್ತದೆ. ನೀವು ಕೊಡುವ ಸೂಚನೆಗಳು ಹುಟ್ಟಿರುವುದು ಬೇರೆಯೇ ಒಂದು ವಿವರಣೆಯಿಂದ, ಅಂದರೆ ವೈದ್ಯಶಾಸ್ತ್ರದಿಂದ. ಮನೆಗೆ ಹೋದ ಮೇಲೆ ಅವನು ನಡೆಯುವುದು ತನ್ನ ವಿವರಣೆಯ ಪ್ರಕಾರ, ಮತ್ತು ಬಹುಮಟ್ಟಿಗೆ ಪ್ರಾಮಾಣಿಕವಾಗಿಯೇ ನಡೆಯುತ್ತಾನೆ. ನಮಗೆ ಅಶಿಸ್ತಾಗಿ ಕಾಣುವ ವರ್ತನೆಯನ್ನು ಅವನ ಕಡೆಯಿಂದ ನೋಡಿದರೆ ಅದರಲ್ಲಿ ತರ್ಕ ತಪ್ಪಿರುವುದು ಅಪರೂಪ.

ಹೃದಯ ವೈಫಲ್ಯವನ್ನೇ ನೋಡಿ. ಕಾಲು ಊದಿಕೊಂಡು, ಉಸಿರು ಕಟ್ಟಿ, ರಾತ್ರಿ ಮಲಗಲಾಗದೆ ಒಬ್ಬರು ದಾಖಲಾಗುತ್ತಾರೆ. ರಕ್ತನಾಳದ ಮೂಲಕ ಮೂತ್ರ ಹೆಚ್ಚಿಸುವ ಫ್ಯೂರೋಸೆಮೈಡ್ ಔಷಧ ಕೊಡುತ್ತೀರಿ, ನೀರು ಇಳಿಯುತ್ತದೆ, ಮೂರ್ನಾಲ್ಕು ದಿನಗಳಲ್ಲಿ ಅವರು ನಡೆದಾಡುತ್ತಾರೆ. ಈ ಅನುಭವ ಅವರಿಗೆ ಕಲಿಸಿದ ಪಾಠವೇನು? ಕಾಯಿಲೆ ಬಂದಿತ್ತು, ಚಿಕಿತ್ಸೆ ಆಯಿತು, ಕಾಯಿಲೆ ಹೋಯಿತು. ಜ್ವರ, ಕೆಮ್ಮು, ಗಾಯ, ಹೀಗೆ ಹುಟ್ಟಿದಾಗಿನಿಂದ ಕಂಡ ಬಹುತೇಕ ಕಾಯಿಲೆಗಳು ಅವರಿಗೆ ಕಲಿಸಿದ್ದೂ ಇದನ್ನೇ. ಇನ್ನು ಮುಂದೆ ದಿನವೂ ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದು, ತಿಂಡಿಗೆ ಮುಂಚೆ ತೂಕ ನೋಡಿ ಬರೆದಿಡಬೇಕೆಂದು ನೀವು ಹೇಳಿದಾಗ, ಹೋಗಿರುವ ಕಾಯಿಲೆಗೆ ತೂಕದ ಕಾವಲೇಕೆ ಎಂದು ಅವರ ಮನಸ್ಸು ಕೇಳುತ್ತದೆ, ಬಾಯಿ ಮಾತ್ರ ಕೇಳುವುದಿಲ್ಲ. ಶರೀರದಲ್ಲಿ ನೀರು ಸೇರಿಕೊಳ್ಳಲು ಶುರುವಾಗಿ ಎಷ್ಟೋ ದಿನಗಳ ನಂತರವೇ ಏದುಸಿರು ಕಾಣಿಸಿಕೊಳ್ಳುತ್ತದೆ, ಆ ನಡುವಿನ ದಿನಗಳಲ್ಲಿ ಸುಳಿವು ಕೊಡುವುದು ತೂಕ ಒಂದೇ, ಅದಕ್ಕಾಗಿಯೇ ಮೂರು ದಿನಗಳಲ್ಲಿ 2 ಕಿಲೋಗಿಂತ ಹೆಚ್ಚು ಏರಿದರೆ ತಿಳಿಸಿ ಎನ್ನುವುದು. ಈ ಸರಪಳಿಯನ್ನು ಅವರಿಗೆ ಯಾರೂ ಜೋಡಿಸಿ ತೋರಿಸಿರುವುದಿಲ್ಲ. ನಮ್ಮ ಕರಪತ್ರಗಳಲ್ಲಿ ‘ದಿನವೂ ತೂಕ ನೋಡಿಕೊಳ್ಳಿ’ ಎಂಬ ಕೊನೆಯ ಕೊಂಡಿ ಮಾತ್ರ ಇರುತ್ತದೆ.

ಹೀಗೆ ಜನ ತಮ್ಮ ಕಾಯಿಲೆಯನ್ನು ತಾವೇ ವಿವರಿಸಿಕೊಳ್ಳುವ ಬಗೆಯನ್ನು ದಶಕಗಳ ಕಾಲ ಅಧ್ಯಯನ ಮಾಡಿದವರು ಅಮೆರಿಕದ ಮನಶ್ಶಾಸ್ತ್ರಜ್ಞ ಹೋವರ್ಡ್ ಲೆವೆಂಥಾಲ್. ಅವರೂ ಅವರ ನಂತರದವರೂ ಗುರುತಿಸಿದಂತೆ, ರೋಗಿಯ ವಿವರಣೆಯಲ್ಲಿ ಸಾಮಾನ್ಯವಾಗಿ ಐದು ಅಂಶಗಳಿರುತ್ತವೆ: ಕಾಯಿಲೆಯ ಹೆಸರು ಮತ್ತು ಅದಕ್ಕೆ ಸೇರಿದ್ದೆಂದು ಭಾವಿಸಿದ ಲಕ್ಷಣಗಳು, ಕಾರಣ, ಕಾಲಾವಧಿ, ಪರಿಣಾಮ, ಮತ್ತು ಅದು ತನ್ನ ಅಥವಾ ಔಷಧದ ಹತೋಟಿಗೆ ಬರುತ್ತದೆಯೇ ಎಂಬ ಅಂದಾಜು. ಇವುಗಳನ್ನು ಅಳೆಯುವ ಪ್ರಶ್ನಾವಳಿಯೊಂದು 1996ರಲ್ಲಿ ಪ್ರಕಟವಾಯಿತು; ಅದರ ಪರಿಷ್ಕೃತ ಮತ್ತು ಸಂಕ್ಷಿಪ್ತ ರೂಪಗಳು ಇಂದಿಗೂ ಬಳಕೆಯಲ್ಲಿವೆ. ನಿಮ್ಮ ವಾರ್ಡಿಗೆ ಆ ಪ್ರಶ್ನಾವಳಿ ಬೇಕಿಲ್ಲ. ಅದರ ಹಿಂದಿನ ಒಂದು ತಿಳಿವು ಬೇಕು: ಮನುಷ್ಯನಿಗೆ ಲಕ್ಷಣ ಕಂಡರೆ ಅದಕ್ಕೊಂದು ಹೆಸರು ಬೇಕೆನಿಸುತ್ತದೆ, ಹೆಸರು ಸಿಕ್ಕರೆ ಅದಕ್ಕೆ ತಕ್ಕ ಲಕ್ಷಣವನ್ನು ಅವನು ತನ್ನ ಮೈಯಲ್ಲಿ ಹುಡುಕಿಕೊಳ್ಳುತ್ತಾನೆ.

ಇದಕ್ಕೆ ನಾನು ಪಾಠದಲ್ಲಿ ಯಾವಾಗಲೂ ಕೊಡುವ ಉದಾಹರಣೆ ಲೆವೆಂಥಾಲ್ ಮತ್ತು ಸಂಗಡಿಗರು 1985ರಲ್ಲಿ ಪ್ರಕಟಿಸಿದ ರಕ್ತದೊತ್ತಡದ ಅಧ್ಯಯನ. ರಕ್ತದೊತ್ತಡ ಏರಿದ್ದು ಜನರಿಗೆ ತಿಳಿಯುವುದಿಲ್ಲ ಎಂಬ ಮಾತನ್ನು ರೋಗಿಗಳಲ್ಲಿ ಬಹುಪಾಲು ಮಂದಿ ಒಪ್ಪಿದರು. ಆದರೆ ತಮಗೆ ಮಾತ್ರ ತಿಳಿಯುತ್ತದೆಂದು ಅವರಲ್ಲಿ ಬಹುಪಾಲು ಮಂದಿಯೇ ಹೇಳಿದರು. ಒಬ್ಬರಿಗೆ ತಲೆನೋವು, ಒಬ್ಬರಿಗೆ ಮುಖ ಬಿಸಿಯಾಗುವುದು, ಒಬ್ಬರಿಗೆ ಎದೆ ಹೊಡೆದುಕೊಳ್ಳುವುದು. ಇಂಥವರಿಗೆ ‘ಬಿ.ಪಿ.ಗೆ ಲಕ್ಷಣಗಳಿರುವುದಿಲ್ಲ’ ಎಂದು ಪಾಠ ಹೇಳಿದರೆ ಅವರು ಒಪ್ಪುತ್ತಾರೆ, ಏಕೆಂದರೆ ಅದು ಲೋಕದ ಬಗೆಗಿನ ಮಾತು. ಮನೆಗೆ ಹೋಗಿ ತಲೆನೋವಿದ್ದ ದಿನ ಮಾತ್ರೆ ನುಂಗುತ್ತಾರೆ, ಇಲ್ಲದ ದಿನ ಬಿಡುತ್ತಾರೆ, ಏಕೆಂದರೆ ಅದು ತಮ್ಮ ಮೈಯ ಬಗೆಗಿನ ಮಾತು. ತಲೆಯಾಡಿಸಿದ್ದೂ ಸುಳ್ಳಲ್ಲ, ಮಾತ್ರೆ ಬಿಟ್ಟದ್ದೂ ಉದಾಸೀನವಲ್ಲ. ನೀವು ಕೇಳಬೇಕಾಗಿದ್ದ ಪ್ರಶ್ನೆ ಒಂದೇ: ‘ಬಿ.ಪಿ. ಏರಿದಾಗ ನಿಮಗೆ ಹೇಗೆ ಗೊತ್ತಾಗುತ್ತದೆ?’ ಉತ್ತರ ಸಿಕ್ಕರೆ ದಾರಿಯೂ ಸಿಗುತ್ತದೆ. ತಲೆನೋವು ಇದ್ದಾಗ ಒಮ್ಮೆ, ಇಲ್ಲದಾಗ ಒಮ್ಮೆ, ಹೀಗೆ ಒಂದು ವಾರ ಅಳೆದು ಬರೆದಿಡಲು ಹೇಳಿ. ತಲೆನೋವಿಲ್ಲದ ದಿನವೂ ಒತ್ತಡ ಏರಿದ್ದನ್ನು ಅವರೇ ಕಂಡರೆ, ನಿಮ್ಮ ಅರ್ಧ ಗಂಟೆಯ ಉಪನ್ಯಾಸ ಮಾಡಲಾಗದ್ದನ್ನು ಆ ಹಾಳೆ ಮಾಡುತ್ತದೆ.

ಆಸ್ತಮಾದಲ್ಲಿ ಇದೇ ಕಥೆ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ನ್ಯೂಯಾರ್ಕಿನಲ್ಲಿ ಆಸ್ತಮಾ ಉಲ್ಬಣಿಸಿ ಆಸ್ಪತ್ರೆ ಸೇರಿದ್ದ ವಯಸ್ಕರ ಬಗ್ಗೆ 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅರ್ಧಕ್ಕಿಂತ ಹೆಚ್ಚು ಮಂದಿ ಲಕ್ಷಣವಿದ್ದಾಗ ಮಾತ್ರ ತಮಗೆ ಆಸ್ತಮಾ ಇರುತ್ತದೆಂದು ನಂಬಿದ್ದರು. ಹಾಗೆ ನಂಬಿದವರು ಉಸಿರು ಸರಾಗವಾಗಿರುವ ದಿನಗಳಲ್ಲಿ ಸ್ಟೀರಾಯ್ಡ್ ಇನ್‌ಹೇಲರ್ ಬಳಸುವುದು ಉಳಿದವರಿಗಿಂತ ಕಡಿಮೆಯಿತ್ತು. ತಕ್ಷಣ ಉಸಿರು ಬಿಡಿಸುವ ಇನ್‌ಹೇಲರ್ ಅವರ ಕಣ್ಣಿಗೆ ನಿಜವಾದ ಔಷಧ, ಅದರ ಫಲ ನಿಮಿಷಗಳಲ್ಲಿ ಗೊತ್ತಾಗುತ್ತದೆ. ಶ್ವಾಸನಾಳದ ಉರಿಯೂತವನ್ನು ದಿನದಿನವೂ ಹತೋಟಿಯಲ್ಲಿಡುವ ಇನ್‌ಹೇಲರಿನ ಫಲ ಏನೂ ಆಗದಿರುವುದರಲ್ಲಿದೆ. ಏನೂ ಆಗದಿರುವುದನ್ನು ಯಾರೂ ಗಮನಿಸುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ‘ಮೈ ಹೇಳುವುದನ್ನು ನಂಬಬೇಡಿ’ ಎಂದು ಎಲ್ಲರಿಗೂ ಒಂದೇ ಮಾತು ಹೇಳಿಬಿಡುವುದು ಅಪಾಯ. ಮೈ ಹೇಳುವುದರಲ್ಲಿ ಕೆಲವು ನಂಬಬೇಕಾದವು, ಕೆಲವು ನಂಬಬಾರದವು, ಇನ್ನು ಕೆಲವು ಮೊದಲು ನಂಬಲರ್ಹವಾಗಿದ್ದು ವರ್ಷಗಳು ಕಳೆದಂತೆ ಕೈಕೊಡುವಂಥವು. ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿ.ಗ್ರಾಂ.ಗಿಂತ ಕೆಳಗಿಳಿದಾಗ ಬೆವರು, ನಡುಕ, ಹಸಿವು, ಎದೆಬಡಿತ ಕಾಣಿಸಿಕೊಂಡರೆ ಆ ಸುಳಿವನ್ನು ನಂಬಬೇಕು. 15 ಗ್ರಾಂನಷ್ಟು ಬೇಗ ಜೀರ್ಣವಾಗುವ ಸಕ್ಕರೆ ಸೇವಿಸಿ 15 ನಿಮಿಷಗಳ ನಂತರ ಮತ್ತೆ ಪರೀಕ್ಷಿಸಬೇಕು. ಆದರೆ ಸಕ್ಕರೆ ಪದೇಪದೇ ಇಳಿದವರಲ್ಲಿ ಆ ಮುನ್ಸೂಚನೆಯೇ ಮಂಕಾಗುತ್ತದೆ. ಎದೆಬಡಿತವನ್ನು ನಿಧಾನಗೊಳಿಸುವ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ನಡುಕ ಮತ್ತು ಎದೆಬಡಿತ ಮರೆಯಾಗಿ ಬೆವರು ಮಾತ್ರ ಉಳಿಯಬಹುದು. ‘ನನಗೆ ಇಳಿದರೆ ಗೊತ್ತಾಗುತ್ತದೆ ಸಿಸ್ಟರ್’ ಎಂದು ಇಪ್ಪತ್ತು ವರ್ಷದಿಂದ ಇನ್ಸುಲಿನ್ ಚುಚ್ಚಿಕೊಳ್ಳುತ್ತಿರುವವರು ಹೇಳಿದರೆ, ಅದು ಒಂದು ಕಾಲಕ್ಕೆ ನಿಜವಾಗಿತ್ತು ಎಂಬುದನ್ನು ಒಪ್ಪಿಕೊಂಡು, ಈಗಲೂ ನಿಜವೇ ಎಂದು ಗ್ಲುಕೋಮೀಟರಿನ ದಾಖಲೆ ನೋಡಿ ಒಟ್ಟಿಗೆ ಪರೀಕ್ಷಿಸಬೇಕಾಗುತ್ತದೆ. ಪಾದದ ವಿಷಯದಲ್ಲಿ ಸ್ಥಿತಿ ಇದಕ್ಕೆ ತಿರುಗುಮುರುಗು. ನೋವಿಲ್ಲದಿರುವುದೇ ಅಲ್ಲಿ ಕೆಟ್ಟ ಸುದ್ದಿ. ಸಕ್ಕರೆ ಕಾಯಿಲೆಯಿಂದ ನರ ಸತ್ತ ಪಾದದಲ್ಲಿ ಹುಣ್ಣಾದರೆ ಅದು ನೋಯುವುದಿಲ್ಲ. ನೋಯದ ಹುಣ್ಣಿಗೆ ಯಾರೂ ಆಸ್ಪತ್ರೆಗೆ ಓಡಿ ಬರುವುದಿಲ್ಲ. ಸ್ಪರ್ಶ ತಿಳಿಯುತ್ತದೆಯೇ ಎಂದು ನೋಡಲು 10 ಗ್ರಾಂ ಒತ್ತಡದ ಮಾನೋಫಿಲಮೆಂಟ್ ಎಳೆಯನ್ನು ಅಂಗಾಲಿಗೆ ಒತ್ತುವಾಗ ರೋಗಿಗೆ ಕಣ್ಣು ಮುಚ್ಚಿಸುತ್ತೇವಷ್ಟೆ. ಪರೀಕ್ಷೆ ಮುಗಿದ ಮೇಲೆ, ಅವರಿಗೆ ತಿಳಿಯದೇ ಹೋದ ಜಾಗದಲ್ಲಿ ಅವರ ಕಣ್ಣೆದುರೇ ಇನ್ನೊಮ್ಮೆ ಒತ್ತಿ ತೋರಿಸಿ. ಎಳೆ ಬಾಗುವುದು ಕಾಣುತ್ತದೆ, ಸ್ಪರ್ಶ ತಿಳಿಯುವುದಿಲ್ಲ. ಪಾದವನ್ನು ದಿನವೂ ಕಣ್ಣಿಂದ ನೋಡಬೇಕು ಎಂಬುದು ಆಗ ಅವರಿಗೆ ನಿಮ್ಮ ಆಜ್ಞೆಯಾಗಿ ಉಳಿಯದೆ ಅವರದೇ ತೀರ್ಮಾನವಾಗುತ್ತದೆ.

ಇದುವರೆಗೆ ರೋಗಿಯ ಕಡೆಯ ಮಾತಾಯಿತು. ನಿಮ್ಮ ಪ್ರಶ್ನೆಯಲ್ಲಿ ಹೇಳದೇ ಉಳಿದಿರುವ ಇನ್ನೊಂದು ಕಡೆಯಿದೆ, ಅದು ನಮ್ಮದು. ಶುಶ್ರೂಷಕರು ಕಾಯಿಲೆಯನ್ನು ಇದ್ದದ್ದು ಇದ್ದಂತೆ ನೋಡುತ್ತಾರೆ, ರೋಗಿಗಳು ಮಾತ್ರ ನಂಬಿಕೆಗಳ ಮೂಲಕ ನೋಡುತ್ತಾರೆ ಎಂದು ನಾವು ಒಳಗೊಳಗೇ ಭಾವಿಸಿರುತ್ತೇವೆ. ವಾರ್ಡಿನಲ್ಲಿ ನಿಂತವರಿಗೆ ಕಾಣುವುದು ಕಾಯಿಲೆಯ ಅತ್ಯಂತ ಕೆಟ್ಟ ದಿನಗಳು. ಅದೇ ಕಾಯಿಲೆಯೊಂದಿಗೆ ಮನೆಯಲ್ಲಿ ನೆಟ್ಟಗೆ ಸಂಸಾರ ಮಾಡಿಕೊಂಡಿರುವವರು ನಮ್ಮ ಕಣ್ಣಿಗೆ ಬೀಳುವುದಿಲ್ಲ, ಮರಳಿ ಬಂದವರು ಮಾತ್ರ ಬೀಳುತ್ತಾರೆ. ಹೀಗಾಗಿ ‘ಇವರು ಯಾರೂ ಕೇಳುವುದಿಲ್ಲ’ ಎಂಬ ಅಭಿಪ್ರಾಯ ವಾರ್ಡಿನಲ್ಲಿ ತಾನಾಗಿ ಬೆಳೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2003ರ ವರದಿಯ ಪ್ರಕಾರ, ಮುಂದುವರಿದ ದೇಶಗಳಲ್ಲೇ ದೀರ್ಘಕಾಲದ ಚಿಕಿತ್ಸೆಯನ್ನು ಹೇಳಿದಂತೆ ಪಾಲಿಸುವವರು ಸರಾಸರಿ ಶೇ. 50ರಷ್ಟು. ಮರಳಿ ಬಂದವರನ್ನಷ್ಟೇ ಎಣಿಸುವ ನಮಗೆ ಉಳಿದ ಅರ್ಧ ಕಾಣುವುದಿಲ್ಲ.

ನೋವಿನ ವಿಷಯದಲ್ಲಿ ಈ ಅಂತರವನ್ನು ಅಂಕಿಗಳಲ್ಲೇ ನೋಡಬಹುದು. ರೋಗಿ ತನ್ನ ನೋವಿಗೆ ಕೊಡುವ ಅಂಕವನ್ನೂ ಅದೇ ಹೊತ್ತಿಗೆ ಶುಶ್ರೂಷಕರು ಅಂದಾಜಿಸುವ ಅಂಕವನ್ನೂ ಹೋಲಿಸಿದ ಅನೇಕ ಅಧ್ಯಯನಗಳಲ್ಲಿ ನಮ್ಮ ಅಂಕ ಕಡಿಮೆಯೇ ಇರುತ್ತದೆ. ನೋವು ತೀವ್ರವಾದಷ್ಟೂ ವ್ಯತ್ಯಾಸ ಹೆಚ್ಚುತ್ತದೆ. ನೋವನ್ನು ಅನುಭವಿಸುವವರು ಏನೆಂದು ಹೇಳುತ್ತಾರೋ ಅದೇ ನೋವು ಎಂಬ ಅರ್ಥದ ನಿರೂಪಣೆಯನ್ನು 1968ರಲ್ಲಿ ಕೊಟ್ಟವರು ಮಾರ್ಗೊ ಮೆಕ್ಯಾಫರಿ, ಅವರೂ ನರ್ಸೇ. ನಮ್ಮ ವೃತ್ತಿಯ ಒಳಗಿನಿಂದಲೇ ಆ ಮಾತು ಬರಬೇಕಾಯಿತು ಎಂಬುದು ಗಮನಿಸತಕ್ಕದ್ದು.

ಹೀಗೆ ದೂರ ನಿಲ್ಲುವುದು ಕಲ್ಲುಮನಸ್ಸಿನಿಂದ ಎಂದು ನಾನು ಹೇಳುತ್ತಿಲ್ಲ. ಇಸಬೆಲ್ ಮೆಂಜೀಸ್ ಎಂಬ ಮನೋವಿಶ್ಲೇಷಕಿ ಲಂಡನ್ನಿನ ಆಸ್ಪತ್ರೆಯೊಂದರ ಶುಶ್ರೂಷಾ ವ್ಯವಸ್ಥೆಯನ್ನು ಅಧ್ಯಯನ ಮಾಡಿ 1960ರಲ್ಲಿ ಬರೆದ ಪ್ರಬಂಧದಲ್ಲಿ ಇದರ ಬೇರನ್ನು ತೋರಿಸಿದ್ದಾರೆ. ಸಾವು, ನೋವು, ದೇಹದ ಕೊಳೆ ಇವುಗಳ ನಡುವೆ ದಿನವಿಡೀ ಇರುವವರ ಆತಂಕವನ್ನು ತಡೆಯಲು ಆಸ್ಪತ್ರೆಯ ವ್ಯವಸ್ಥೆಯೇ ಗೋಡೆಗಳನ್ನು ಕಟ್ಟಿಕೊಂಡಿರುತ್ತದೆ: ಒಬ್ಬ ರೋಗಿಯನ್ನು ಪೂರ್ತಿಯಾಗಿ ಒಬ್ಬರಿಗೆ ವಹಿಸದೆ ಅನೇಕ ರೋಗಿಗಳ ಒಂದೊಂದು ಕೆಲಸವನ್ನು ಒಬ್ಬೊಬ್ಬರಿಗೆ ಹಂಚುವುದು, ಹೆಸರಿನ ಬದಲು ಹಾಸಿಗೆಯ ನಂಬರಿನಿಂದಲೋ ಕಾಯಿಲೆಯಿಂದಲೋ ಕರೆಯುವುದು. ಅರವತ್ತು ವರ್ಷ ದಾಟಿದರೂ ಈ ವಿವರಣೆ ಹಳತಾಗಿಲ್ಲವೆಂಬುದು ವಾರ್ಡಿನಲ್ಲಿ ದುಡಿದ ಯಾರಿಗಾದರೂ ಗೊತ್ತು. ಒಬ್ಬರು ಬಿ.ಪಿ. ನೋಡಿ, ಇನ್ನೊಬ್ಬರು ಇಂಜೆಕ್ಷನ್ ಕೊಟ್ಟು, ಮತ್ತೊಬ್ಬರು ಡಿಸ್ಚಾರ್ಜ್ ಸಲಹೆ ಓದಿ ಹೇಳುವ ಕಡೆ, ರೋಗಿಯ ವಿವರಣೆಯನ್ನು ಕೇಳುವ ಕೆಲಸ ಯಾರ ಪಾಲಿಗೂ ಬಂದಿರುವುದಿಲ್ಲ. ಆದ್ದರಿಂದ ಕೊರತೆ ನಿಮ್ಮ ಮಾತಿನಲ್ಲಿದೆ ಎಂದು ನಿಮ್ಮನ್ನೇ ದೂರಿಕೊಳ್ಳುವುದಕ್ಕೆ ಮುಂಚೆ, ಆ ಮಾತಿಗೆ ನಿಮ್ಮ ಡ್ಯೂಟಿಯಲ್ಲಿ ಸಮಯ ಇಡಲಾಗಿದೆಯೇ ಎಂದೂ ಕೇಳಿಕೊಳ್ಳಿ.

ಸ್ವ-ಆರೈಕೆ ಎಂಬುದರ ಬಗ್ಗೆಯೂ ಎರಡು ಕಡೆಯ ನೋಟಗಳು ಬೇರೆ. ನಮಗೆ ಅದು ಒಂದು ಪಟ್ಟಿ: ಮಾತ್ರೆ, ಪಥ್ಯ, ನಡಿಗೆ, ತಪಾಸಣೆ. ಪಟ್ಟಿಯಲ್ಲಿ ಎಷ್ಟು ಪಾಲನೆಯಾಯಿತು ಎಂಬುದರ ಮೇಲೆ ರೋಗಿ ಒಳ್ಳೆಯವನೋ ಮೊಂಡನೋ ಎಂದು ತೀರ್ಮಾನ. ಅಮೆರಿಕದ ನರ್ಸಿಂಗ್ ಚಿಂತಕಿ ಡೊರೊಥಿಯಾ ಓರೆಮ್ ಅವರ ಸ್ವ-ಆರೈಕೆಯ ಸಿದ್ಧಾಂತವನ್ನು ನರ್ಸಿಂಗ್ ಓದಿದವರೆಲ್ಲ ಬಲ್ಲರು, ಪರೀಕ್ಷೆಯಲ್ಲಿ ಚೌಕಗಳನ್ನೂ ಬಾಣಗಳನ್ನೂ ಬರೆದು ಮರೆಯುವಷ್ಟರ ಮಟ್ಟಿಗಾದರೂ. 1971ರಲ್ಲಿ ಗ್ರಂಥರೂಪದಲ್ಲಿ ಬಂದ ಆ ಸಿದ್ಧಾಂತದ ತಿರುಳು ನಮ್ಮ ರೂಢಿಗೆ ವಿರುದ್ಧವಾಗಿದೆ. ತನ್ನನ್ನು ತಾನು ನೋಡಿಕೊಳ್ಳುವುದು ಮನುಷ್ಯ ತನ್ನ ಬದುಕಿಗಾಗಿ ತಾನೇ ಮಾಡುವ ಕೆಲಸ, ಅವನ ಶಕ್ತಿ ಸಾಲದ ಕಡೆ ಮಾತ್ರ ಶುಶ್ರೂಷೆಯ ಪ್ರವೇಶ. ಪೂರ್ತಿ ಸಾಲದಿದ್ದರೆ ಪೂರ್ತಿ ನಾವು ಮಾಡುತ್ತೇವೆ, ಅರ್ಧ ಸಾಲದಿದ್ದರೆ ಅರ್ಧ, ತಿಳಿವಳಿಕೆ ಮತ್ತು ಬೆಂಬಲ ಮಾತ್ರ ಬೇಕಿದ್ದರೆ ಅಷ್ಟೇ. ಅಂದರೆ ಮೊದಲು ತಿಳಿಯಬೇಕಾದದ್ದು ಈ ವ್ಯಕ್ತಿ ಈಗಾಗಲೇ ಏನು ಮಾಡಿಕೊಳ್ಳುತ್ತಿದ್ದಾರೆ ಎಂಬುದು. ನಮ್ಮ ಡಿಸ್ಚಾರ್ಜ್ ಪಾಠ ಶುರುವಾಗುವುದು ಅವರು ಏನನ್ನೂ ಮಾಡುತ್ತಿಲ್ಲ ಎಂಬ ಊಹೆಯಿಂದ.

ರೋಗಿಯ ಕಣ್ಣಿನಲ್ಲಿ ಅದು ಪಟ್ಟಿಯೂ ಅಲ್ಲ, ಉದ್ಯೋಗ. ಜೂಲಿಯೆಟ್ ಕಾರ್ಬಿನ್ ಮತ್ತು ಆನ್ಸೆಲ್ಮ್ ಸ್ಟ್ರಾಸ್ ಎಂಬ ಸಂಶೋಧಕರು ದೀರ್ಘಕಾಲದ ಕಾಯಿಲೆಯಿರುವ ಮನೆಗಳನ್ನು ಗಮನಿಸಿ 1985ರಲ್ಲಿ ಬರೆದಂತೆ, ಅಲ್ಲಿ ಮೂರು ಬಗೆಯ ದುಡಿಮೆ ಒಟ್ಟಿಗೆ ನಡೆಯುತ್ತಿರುತ್ತದೆ: ಕಾಯಿಲೆಯ ಕೆಲಸ, ದಿನನಿತ್ಯದ ಬದುಕಿನ ಕೆಲಸ, ಮತ್ತು ‘ನಾನು ಈಗ ಯಾರು’ ಎಂಬುದನ್ನು ಹೊಸದಾಗಿ ಹೊಂದಿಸಿಕೊಳ್ಳುವ ಕೆಲಸ. ನಮ್ಮ ಸಲಹೆಯೆಲ್ಲ ಮೊದಲನೆಯದಕ್ಕೆ ಸೇರಿದ್ದು. ಉಳಿದೆರಡರೊಂದಿಗೆ ಅದು ಡಿಕ್ಕಿ ಹೊಡೆದಾಗ ಸೋಲುವುದು ಅದೇ. ಬೆಳಿಗ್ಗೆ ನೀರಿನ ಮಾತ್ರೆ ನುಂಗಿ ಎಂದಿದ್ದೀರಿ. ನುಂಗಿದ ಒಂದು ಗಂಟೆಯೊಳಗೆ ಮೂತ್ರದ ಒತ್ತಡ ಶುರುವಾಗಿ ಆರು ಗಂಟೆಗಳವರೆಗೂ ಇರಬಹುದು. ಬಸ್ಸಿನಲ್ಲಿ ದೂರ ಕೆಲಸಕ್ಕೆ ಹೋಗುವವರು, ಮದುವೆಮನೆಗೆ ಹೊರಟವರು ಆ ದಿನ ಮಾತ್ರೆ ಬಿಡುತ್ತಾರೆ. ಇದರಲ್ಲಿ ನಂಬಿಕೆಯ ಪ್ರಶ್ನೆಯೇ ಇಲ್ಲ, ಮಾನದ ಪ್ರಶ್ನೆಯಿದೆ. ವೈದ್ಯರನ್ನು ಕೇಳಿ ಆ ದಿನಗಳಲ್ಲಿ ಮಾತ್ರೆಯ ಹೊತ್ತನ್ನು ಮಧ್ಯಾಹ್ನಕ್ಕೆ ಸರಿಸಬಹುದೇ ಎಂದು ನೋಡುವುದು ಐದು ನಿಮಿಷದ ಕೆಲಸ. ಆದರೆ ಯಾರೂ ಕೇಳಿರುವುದಿಲ್ಲವಾದ್ದರಿಂದ ರೋಗಿಯೂ ಹೇಳಿರುವುದಿಲ್ಲ.

ಔಷಧದ ಬಗ್ಗೆ ರೋಗಿಯ ಮನಸ್ಸಿನಲ್ಲಿ ನಡೆಯುವ ತೂಗಾಟವನ್ನು ಬ್ರಿಟನ್ನಿನ ರಾಬ್ ಹಾರ್ನ್ ಮತ್ತು ಸಂಗಡಿಗರು ಎರಡು ತಟ್ಟೆಗಳಾಗಿ ವಿವರಿಸಿದ್ದಾರೆ. ಒಂದರಲ್ಲಿ ‘ಇದು ನನಗೆ ಎಷ್ಟು ಬೇಕು’, ಇನ್ನೊಂದರಲ್ಲಿ ‘ಇದರಿಂದ ನನಗೇನಾದೀತು’. ನಮ್ಮ ಬೋಧನೆಯೆಲ್ಲ ಮೊದಲ ತಟ್ಟೆಗೆ ಭಾರ ಸೇರಿಸುತ್ತದೆ: ತೆಗೆದುಕೊಳ್ಳದಿದ್ದರೆ ಪಾರ್ಶ್ವವಾಯು ಬರುತ್ತದೆ, ಕಿಡ್ನಿ ಹೋಗುತ್ತದೆ. ಎರಡನೆಯ ತಟ್ಟೆಯಲ್ಲಿರುವುದು ಹಾಗೇ ಉಳಿಯುತ್ತದೆ. ಮಾತ್ರೆ ಅಭ್ಯಾಸವಾಗಿಬಿಡುತ್ತದೆ, ವರ್ಷಗಟ್ಟಲೆ ನುಂಗಿದರೆ ಮೈಯಲ್ಲಿ ಸೇರಿಕೊಳ್ಳುತ್ತದೆ, ಈಗಲೇ ಬಲವಾದ ಔಷಧ ತೆಗೆದುಕೊಂಡರೆ ಮುಂದೆ ನಿಜವಾಗಿ ಬೇಕಾದಾಗ ಕೆಲಸ ಮಾಡುವುದಿಲ್ಲ ಎಂಬ ಅಳುಕುಗಳು ಹೆದರಿಸಿದರೆ ಹೋಗುವಂಥವಲ್ಲ. ಅವುಗಳನ್ನು ಒಂದೊಂದಾಗಿ ಹೊರಗೆ ತೆಗೆಸಿ, ಹುರುಳಿದ್ದದ್ದಕ್ಕೆ ಹುರುಳಿದೆ ಎಂದು ಒಪ್ಪಿ, ಇಲ್ಲದ್ದಕ್ಕೆ ಏಕೆ ಇಲ್ಲವೆಂದು ಹೇಳಬೇಕು. ‘ಈ ಮಾತ್ರೆಯ ಬಗ್ಗೆ ನಿಮಗೆ ಏನಾದರೂ ಅಂಜಿಕೆ ಇದೆಯೇ’ ಎಂಬುದಕ್ಕಿಂತ ‘ಬಹಳ ಜನಕ್ಕೆ ಈ ಮಾತ್ರೆಯ ಬಗ್ಗೆ ಒಂದಲ್ಲ ಒಂದು ಅಂಜಿಕೆ ಇರುತ್ತದೆ, ನಿಮಗೆ ಯಾವುದು’ ಎಂದು ಕೇಳಿದರೆ ಬಾಯಿ ಬಿಡುವವರು ಹೆಚ್ಚು.

ಇನ್ಸುಲಿನ್ ವಿಷಯದಲ್ಲಂತೂ ಆ ಅಳುಕನ್ನು ಬಿತ್ತಿದವರಲ್ಲಿ ನಾವೂ ಇದ್ದೇವೆ. ‘ಪಥ್ಯ ಮಾಡದಿದ್ದರೆ ಇಂಜೆಕ್ಷನ್ ಹಾಕಬೇಕಾಗುತ್ತದೆ ನೋಡಿ’ ಎಂದು ವರ್ಷಗಟ್ಟಲೆ ಗದರಿಸಿ, ಕೊನೆಗೆ ಅದನ್ನೇ ಬರೆದುಕೊಟ್ಟಾಗ ರೋಗಿ ಅದನ್ನು ಶಿಕ್ಷೆಯೆಂದೇ ಓದಿಕೊಳ್ಳುತ್ತಾನೆ. ಎರಡನೆಯ ಬಗೆಯ ಸಕ್ಕರೆ ಕಾಯಿಲೆಯಲ್ಲಿ ಇನ್ಸುಲಿನ್ ತಯಾರಿಸುವ, ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳ ಶಕ್ತಿ ಕಾಲಕ್ರಮದಲ್ಲಿ ಕುಂದುತ್ತಲೇ ಹೋಗುತ್ತದೆ ಎಂಬುದನ್ನು ಬ್ರಿಟನ್ನಿನಲ್ಲಿ ನಡೆದು 1998ರಲ್ಲಿ ಮುಖ್ಯ ಫಲಿತಾಂಶಗಳನ್ನು ಪ್ರಕಟಿಸಿದ ದೊಡ್ಡ ಅಧ್ಯಯನ ತೋರಿಸಿಕೊಟ್ಟಿದೆ. ಪಥ್ಯ ಸರಿಯಾಗಿ ಮಾಡಿದವರಲ್ಲೂ ಒಂದು ದಿನ ಇನ್ಸುಲಿನ್ ಬೇಕಾಗಬಹುದು. ಇದನ್ನು ಕಾಯಿಲೆ ಗೊತ್ತಾದ ಮೊದಲ ವರ್ಷವೇ ಹೇಳಿಟ್ಟರೆ ಆ ದಿನ ಬಂದಾಗ ಯಾರೂ ಸೋತಂತೆ ಆಗುವುದಿಲ್ಲ.

ಇಲ್ಲಿಯವರೆಗೆ ಓದಿದ ನೀವು, ‘ಹಾಗಾದರೆ ಕೂತು ಪ್ರೀತಿಯಿಂದ ಕೇಳಿಸಿಕೊಂಡರೆ ಆಯಿತು’ ಎಂದುಕೊಳ್ಳಬಹುದು. ಅದಕ್ಕೊಂದು ತಿದ್ದುಪಡಿ ಅಗತ್ಯ. ಪೆಟ್ರೀಷಿಯಾ ಲಾರ್ಸನ್ ಎಂಬ ನರ್ಸಿಂಗ್ ಸಂಶೋಧಕಿ 1980ರ ದಶಕದಲ್ಲಿ ಒಂದೇ ಬಗೆಯ ಹೇಳಿಕೆಗಳ ಪಟ್ಟಿಯನ್ನು ಕ್ಯಾನ್ಸರ್ ರೋಗಿಗಳಿಗೂ ಶುಶ್ರೂಷಕರಿಗೂ ಕೊಟ್ಟು, ಅಕ್ಕರೆಯ ಆರೈಕೆಯೆಂದರೆ ಯಾವುದು ಮುಖ್ಯ ಎಂದು ಕ್ರಮವಾಗಿ ಜೋಡಿಸಲು ಹೇಳಿದರು. ಶುಶ್ರೂಷಕರು ಮೊದಲ ಸ್ಥಾನ ಕೊಟ್ಟದ್ದು ರೋಗಿಯ ಮಾತು ಕೇಳುವುದಕ್ಕೆ. ರೋಗಿಗಳು ಕೊಟ್ಟದ್ದು ಇಂಜೆಕ್ಷನ್ ಮತ್ತು ಡ್ರಿಪ್ ಸರಿಯಾಗಿ ಕೊಡಲು, ಯಂತ್ರಗಳನ್ನು ನಿಭಾಯಿಸಲು ಬರುವುದಕ್ಕೆ. ನಂತರ ಬೇರೆಬೇರೆ ದೇಶಗಳಲ್ಲಿ ನಡೆದ ಇಂಥ ಹೋಲಿಕೆಗಳಲ್ಲೂ ಈ ಎರಡು ಪಟ್ಟಿಗಳು ಪೂರ್ತಿ ಕೂಡಿಬಂದದ್ದು ಕಡಿಮೆ. ನನಗೆ ಇದು ಸೋಜಿಗವೆನಿಸುವುದಿಲ್ಲ. ಹಾಸಿಗೆಯಲ್ಲಿ ಮಲಗಿದವರಿಗೆ ಅಕ್ಕರೆ ಕಾಣುವುದು ಮೊದಲ ಚುಚ್ಚಿಗೇ ರಕ್ತನಾಳ ಸಿಕ್ಕಾಗ, ಕರೆದಾಗ ಯಾರಾದರೂ ಬಂದಾಗ, ನೋವಿನ ಔಷಧ ಹೇಳಿದ ಹೊತ್ತಿಗೆ ಬಂದಾಗ. ಅದಿಲ್ಲದೆ ಬರೀ ಸವಿಮಾತು ಹೊತ್ತು ಬಂದವರಿಗೆ ಅವರು ಮನಸ್ಸಿನ ಮಾತು ಹೇಳುವುದಿಲ್ಲ. ಆದ್ದರಿಂದ ಕೇಳುವ ಕೆಲಸಕ್ಕೆ ಒಳ್ಳೆಯ ಹೊತ್ತು ಕೈಗಳು ಕೆಲಸದಲ್ಲಿರುವ ಹೊತ್ತೇ: ಡ್ರೆಸ್ಸಿಂಗ್ ಬದಲಿಸುವಾಗ, ತೂಕ ನೋಡುವಾಗ, ಇನ್ಸುಲಿನ್ ಕೊಡುವಾಗ. ಪ್ರತ್ಯೇಕ ಸಮಯ ಸಿಗುವವರೆಗೆ ಕಾಯುವುದಾದರೆ ಅದು ಸಿಗುವುದೇ ಇಲ್ಲ.

ಏನನ್ನು ಕೇಳಬೇಕೆಂಬುದಕ್ಕೆ ಮನೋವೈದ್ಯರೂ ಮಾನವಶಾಸ್ತ್ರಜ್ಞರೂ ಆದ ಆರ್ಥರ್ ಕ್ಲೈನ್‌ಮನ್ ತಮ್ಮ ಸಹೋದ್ಯೋಗಿಗಳೊಂದಿಗೆ 1978ರಲ್ಲಿ ಕೊಟ್ಟ ಪ್ರಶ್ನೆಗಳು ಇಂದಿಗೂ ಉತ್ತಮ ದಾರಿ. ಅವುಗಳಲ್ಲಿ ನಿಮ್ಮ ಕೆಲಸಕ್ಕೆ ನಾಲ್ಕು ಸಾಕು. ಈ ತೊಂದರೆ ಯಾಕೆ ಬಂತು ಅಂತ ನಿಮಗನ್ನಿಸುತ್ತದೆ? ಈಗಲೇ ಯಾಕೆ ಬಂತು? ಇದರಿಂದ ನಿಮ್ಮ ದಿನನಿತ್ಯದಲ್ಲಿ ಏನು ಕಷ್ಟವಾಗಿದೆ? ಇದರಲ್ಲಿ ನಿಮಗೆ ಎಲ್ಲಕ್ಕಿಂತ ಹೆಚ್ಚು ಭಯ ಯಾವುದಕ್ಕೆ? ಮೊದಲ ಪ್ರಶ್ನೆಗೆ ಬಹಳ ಮಂದಿ ‘ನನಗೇನು ಗೊತ್ತು, ಓದಿದವರು ನೀವು’ ಎನ್ನುತ್ತಾರೆ. ಅಲ್ಲಿಗೆ ಬಿಡಬಾರದು. ‘ವೈದ್ಯರು ಹೇಳುವುದು ಅವರದು, ಕಾಯಿಲೆ ಅನುಭವಿಸುತ್ತಿರುವವರು ನೀವು, ನಿಮಗೆ ಹೇಗೆ ಕಾಣುತ್ತದೆ’ ಎಂದು ಇನ್ನೊಮ್ಮೆ ಕೇಳಿದರೆ ಮಾತು ಬರುತ್ತದೆ. ಬಂದ ಮಾತು ತಪ್ಪಾಗಿದ್ದರೂ ಅಲ್ಲೇ ತಿದ್ದಲು ಹೋಗಬೇಡಿ. ತಿದ್ದಿದೊಡನೆ ಉಳಿದ ಮಾತು ನಿಂತುಹೋಗುತ್ತದೆ.

ಹೇಳುವ ಭಾಗಕ್ಕೆ ಬಂದರೆ, ಡಿಸ್ಚಾರ್ಜ್ ದಿನ ಕಲಿಸುವುದಕ್ಕೆ ಅತ್ಯಂತ ಕೆಟ್ಟ ದಿನ. ಬಿಲ್ಲು, ವಾಹನ, ಮನೆಯವರು, ಹೊರಡುವ ಆತುರ ಇವುಗಳ ನಡುವೆ ಹೇಳಿದ್ದು ಕಿವಿಯಿಂದ ಒಳಗೆ ಇಳಿಯುವುದಿಲ್ಲ. ಆರೋಗ್ಯ ಸಿಬ್ಬಂದಿ ಹೇಳಿದ ವೈದ್ಯಕೀಯ ಮಾಹಿತಿಯಲ್ಲಿ ಶೇ. 40ರಿಂದ 80ರಷ್ಟು ತಕ್ಷಣವೇ ಮರೆತುಹೋಗುತ್ತದೆಂದು 2003ರ ಒಂದು ವಿಮರ್ಶಾ ಲೇಖನ ಅಂದಾಜಿಸಿದೆ. ಹೇಳಿದ್ದು ಹೆಚ್ಚಾದಷ್ಟೂ ಮರೆಯುವ ಪಾಲೂ ಹೆಚ್ಚು. ದಾಖಲಾದ ಎರಡನೆಯ ದಿನದಿಂದಲೇ ಒಂದೊಂದು ವಿಷಯ ಹೇಳುತ್ತ ಬನ್ನಿ, ಡಿಸ್ಚಾರ್ಜ್ ದಿನ ಹೊಸದೇನನ್ನೂ ಹೇಳಬೇಡಿ. ‘ಅರ್ಥವಾಯಿತಾ’ ಎಂದು ಕೇಳಿದರೆ ‘ಆಯಿತು’ ಎಂಬುದೊಂದೇ ಉತ್ತರ. ಅದರ ಬದಲು, ‘ಮನೆಗೆ ಹೋದ ಮೇಲೆ ನಿಮ್ಮ ಮಗಳು ಈ ಮಾತ್ರೆ ಯಾಕೆ ಅಂತ ಕೇಳಿದರೆ ಏನು ಹೇಳುತ್ತೀರಿ’ ಎಂದು ಕೇಳಿ. ತೂಕ 2 ಕಿಲೋ ಏರಿದ ದಿನ ಭಾನುವಾರವಾಗಿದ್ದರೆ ಏನು ಮಾಡುತ್ತೀರಿ ಎಂದು ಕೇಳಿ. ಅವರು ಕೊಡುವ ಉತ್ತರದಲ್ಲಿ ತಪ್ಪಿದ್ದರೆ ಅದು ನಿಮ್ಮ ವಿವರಣೆಯ ಪರೀಕ್ಷೆಯೇ ಹೊರತು ಅವರದಲ್ಲ ಎಂಬುದು ನಿಮ್ಮ ಮುಖದಲ್ಲಿ ಕಾಣುವಂತಿರಬೇಕು.

ಮಾತು ಸಾಲದ ಕಡೆ ಚಿತ್ರ ಬರೆಸಬಹುದು. ನ್ಯೂಜಿಲೆಂಡಿನ ಸಂಶೋಧಕರು ಹೃದಯಾಘಾತವಾದವರಿಗೆ ತಮ್ಮ ಹೃದಯಕ್ಕೆ ಏನಾಗಿದೆಯೆಂದು ಬರೆದು ತೋರಿಸಲು ಹೇಳಿದರು. 2004ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ರೋಗಿ ತನ್ನ ಚಿತ್ರದಲ್ಲಿ ತೋರಿಸಿದ ಹಾನಿಯ ಪ್ರಮಾಣ ಮುಂದಿನ ಚೇತರಿಕೆಯನ್ನು ಹೃದಯಕ್ಕೆ ಆದ ಹಾನಿಯನ್ನು ಸೂಚಿಸುವ, ರಕ್ತದಲ್ಲಿ ಅಳೆದ ಟ್ರೋಪೋನಿನ್ ಮಟ್ಟಕ್ಕಿಂತ ಚೆನ್ನಾಗಿ ಮುಂಗಂಡಿತು. ಅದೇ ತಂಡದ 2002ರ ಇನ್ನೊಂದು ಅಧ್ಯಯನದಲ್ಲಿ, ಆಸ್ಪತ್ರೆಯಲ್ಲಿರುವಾಗಲೇ ರೋಗಿಗಳ ತಪ್ಪು ಕಲ್ಪನೆಗಳನ್ನು ಕೇಳಿ ತಿಳಿದು, ಸರಿಪಡಿಸಿ ಕಳಿಸಿದಾಗ ಅವರು ಉಳಿದವರಿಗಿಂತ ಬೇಗ ಕೆಲಸಕ್ಕೆ ಮರಳಿದರು. ಅಧ್ಯಯನ ಚಿಕ್ಕದು, ಆದರೂ ದಿಕ್ಕು ಸ್ಪಷ್ಟ. ಪೆನ್ನು ಮತ್ತು ಹಾಳೆಗೆ ಯಾವ ಆಸ್ಪತ್ರೆಯಲ್ಲೂ ಕೊರತೆಯಿಲ್ಲ.

ಎಲ್ಲವನ್ನೂ ನಂಬಿಕೆಯ ತಲೆಗೆ ಕಟ್ಟುವುದೂ ತಪ್ಪಾಗುತ್ತದೆ. ಹೃದಯ ವೈಫಲ್ಯವಿರುವವರಲ್ಲಿ ನೆನಪು ಮತ್ತು ಗಮನದ ಶಕ್ತಿ ಕುಂದಿರುವುದು ಸಾಮಾನ್ಯ. ಖಿನ್ನತೆಯಲ್ಲಿರುವವರಿಗೆ ತಮ್ಮನ್ನು ನೋಡಿಕೊಳ್ಳಬೇಕೆಂಬ ಆಸೆಯೇ ಬತ್ತಿರುತ್ತದೆ. ಕಣ್ಣು ಮಂಜಾದವರಿಗೆ ಸಿರಿಂಜಿನ ಗೆರೆ ಕಾಣುವುದಿಲ್ಲ, ಔಷಧಕ್ಕೆ ದುಡ್ಡಿಲ್ಲದವರು ಒಂದು ತಿಂಗಳ ಮಾತ್ರೆಯನ್ನು ಎರಡು ತಿಂಗಳಿಗೆ ಹಂಚಿಕೊಳ್ಳುತ್ತಾರೆ, ಅಡುಗೆ ಮಾಡದವರಿಗೆ ಉಪ್ಪಿನ ಪಾಠ ಹೇಳಿ ಪ್ರಯೋಜನವಿಲ್ಲ. ಇವಕ್ಕೆಲ್ಲ ಬೇರೆಬೇರೆ ಪರಿಹಾರಗಳಿವೆ, ಆದರೆ ಯಾವುದು ಯಾರದೆಂದು ತಿಳಿಯುವುದು ಅದೇ ಪ್ರಶ್ನೆಗಳಿಂದ. ಮತ್ತು ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಪಾಲಿಸಿದವರೂ ಮರಳಿ ಬರುತ್ತಾರೆ, ಏಕೆಂದರೆ ಈ ಕಾಯಿಲೆಗಳಲ್ಲಿ ಹಲವು ತಮ್ಮ ಪಾಡಿಗೆ ತಾವು ಮುಂದುವರಿಯುವಂಥವು. ಪ್ರತಿ ಮರುದಾಖಲಾತಿಯನ್ನೂ ಯಾರದೋ ತಪ್ಪೆಂದು ಎಣಿಸುವ ವಾರ್ಡಿನಲ್ಲಿ ರೋಗಿಗಳು ಕ್ರಮೇಣ ನಿಜ ಹೇಳುವುದನ್ನು ಬಿಡುತ್ತಾರೆ.

ಮುಂದಿನ ಸಲ ಪರಿಚಿತ ಮುಖವೊಂದು ಏದುಸಿರು ಬಿಡುತ್ತ ವಾರ್ಡಿಗೆ ಮರಳಿ ಬಂದರೆ, ಉಸಿರು ಹತೋಟಿಗೆ ಬಂದ ಮೇಲೆ ‘ಮಾತ್ರೆ ಯಾಕೆ ಬಿಟ್ಟಿರಿ’ ಎಂದು ಶುರುಮಾಡಬೇಡಿ. ಮೊಟ್ಟಮೊದಲು ಏನು ಬದಲಾಯಿತು, ಅದನ್ನು ಯಾವ ದಿನ ಗಮನಿಸಿದಿರಿ, ಆಗ ಏನು ಅಂದುಕೊಂಡಿರಿ, ಏನು ಮಾಡಿದಿರಿ ಎಂದು ದಿನದಿನದ ಲೆಕ್ಕದಲ್ಲಿ ಹೇಳಿಸಿ. ‘ಏನು ಅಂದುಕೊಂಡಿರಿ’ ಎಂಬುದಕ್ಕೆ ಅವರು ಕೊಟ್ಟ ಉತ್ತರವನ್ನು ಅವರ ಮಾತಿನಲ್ಲೇ ಕೇಸ್ ಶೀಟಿನಲ್ಲಿ ಬರೆದು, ಮುಂದಿನ ಡ್ಯೂಟಿಯವರಿಗೆ ನಾಡಿ ಮತ್ತು ಬಿ.ಪಿ.ಯ ಜೊತೆಗೆ ಅದನ್ನೂ ಒಪ್ಪಿಸಿ ಹೋಗಿ.